ಪಾರ್ಟಿಕಲ್ ಬೋರ್ಡ್: ಅಂಟಿಗಿಂತ ಮೊದಲು ನೀರಿನ ಲೆಕ್ಕ

ಮರದ ಚೂರುಗಳಿಗೆ ಅಂಟು ಬೆರೆಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಮಾಡುವ ಹಲಗೆಯೇ ಪಾರ್ಟಿಕಲ್ ಬೋರ್ಡ್. ಅದರ ಪಾಠ ಶುರುವಾದಾಗ ನಾನೂ ಎಲ್ಲರ ಹಾಗೆ ಅಂಟಿನ ಹಿಂದೆ ಬಿದ್ದಿದ್ದೆ. ಯಾವ ರೆಸಿನ್, ಎಷ್ಟು ಶೇಕಡಾ, ಎಷ್ಟು ಬಿಸಿ ಎಲ್ಲ ಬಾಯಿಪಾಠ. ಆದರೆ ಪ್ರಯೋಗಾಲಯದಲ್ಲಿ ನಾನು ಒತ್ತಿದ ಮೊದಲ ಹಲಗೆ, ಪ್ರೆಸ್ ತೆರೆಯುತ್ತಿದ್ದಂತೆ ‘ಡಬ್’ ಎಂದು ನಡುಮಧ್ಯಕ್ಕೆ ಬಾಯಿ ಬಿಟ್ಟಿತು. ಉಬ್ಬಿದ ಪೂರಿ ಹರಿದ ಹಾಗೆ ಮೇಲಿನ ಪದರ ಒಂದು ಕಡೆ, ಕೆಳಗಿನದು ಒಂದು ಕಡೆ, ನಡುವೆ ಬುಸ್ಸೆಂದು ಹಬೆ. ಅಂಟಿನದೇನೂ ತಪ್ಪಿರಲಿಲ್ಲ, ಮರದ ಚೂರುಗಳು ಒಣಗಿರಲಿಲ್ಲ ಅಷ್ಟೆ. ಅವತ್ತಿನಿಂದ ಈ ವಿಷಯವನ್ನು ನೀರಿನ ಲೆಕ್ಕವೆಂದೇ ಓದುತ್ತಿದ್ದೇನೆ. ನೀವೂ ಹಾಗೇ ಓದಿ ನೋಡಿ.

ಕಚ್ಚಾವಸ್ತು

ಮರ ಕಡಿದಾಗ ದಿಮ್ಮಿ ಸಾಮಿಲ್ಲಿಗೋ ಪ್ಲೈವುಡ್ ಕಾರ್ಖಾನೆಗೋ ಹೋಗುತ್ತದೆ. ತುದಿ, ಕೊಂಬೆ, ಸೊಟ್ಟ ಕಾಂಡ, ನೆಡುತೋಪಿನಲ್ಲಿ ತೆಳುಗೊಳಿಸಲು ಕಡಿದ ಎಳೆಮರ ಅಲ್ಲೇ ಉಳಿಯುತ್ತವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮರಗಸಿ ಮಾಡಿದಾಗ ಬೀಳುವ ಸಿಲ್ವರ್ ಓಕ್ ಕೊಂಬೆಯೂ ಇದೇ ಜಾತಿಗೆ ಸೇರಿದ್ದು; ಹೆಚ್ಚಿನಂಶ ಸೌದೆಯಾಗಿ ಒಲೆಗೆ ಹೋಗುವಂಥದ್ದು. ಸಾಮಿಲ್ಲಿನ ಅಂಚುಪಟ್ಟಿ, ಹತ್ತರಿ ಹೊಟ್ಟು, ಗರಗಸದ ಹೊಟ್ಟು ಇದಕ್ಕೆ ಜೊತೆ.

ಕಾಡಿನ ಉಳಿಕೆ ಅಗ್ಗ, ನಿಜ. ಆದರೆ ಅದರ ಜೊತೆ ಮೂರು ತಲೆನೋವು ಬರುತ್ತವೆ. ಕೊಂಬೆ ಸಣ್ಣದಾದಷ್ಟೂ ತೊಗಟೆಯ ಪಾಲು ಹೆಚ್ಚು. ತೊಗಟೆಗೆ ನಾರಿನ ಬಲವಿಲ್ಲ, ಹಲಗೆಯ ಮೈಮೇಲೆ ಕಪ್ಪು ಚುಕ್ಕೆಯಾಗಿಯೂ ಕಾಣುತ್ತದೆ. ಎರಡನೆಯದು ನೆಲದ ಮೇಲೆ ಎಳೆದು ತರುವಾಗ ಅಂಟಿಕೊಳ್ಳುವ ಮಣ್ಣು, ಮರಳು. ಚಕ್ಕೆ ಹೊಡೆಯುವ ಯಂತ್ರದ ಅಲಗುಗಳನ್ನು ಮರಕ್ಕಿಂತ ಬೇಗ ಮೊಂಡು ಮಾಡುವುದು ಇದೇ. ಮೂರನೆಯದು ನೀರು.

ಶೇ 100 ತೇವ ಎಂದರೆ?

ತರಗತಿಯಲ್ಲಿ ತುಂಬ ಜನ ಎಡವುವ ಜಾಗ ಇದು. ಮರದ ತೇವಾಂಶವನ್ನು ನಾವು ಒಣ ತೂಕದ ಮೇಲೆ ಎಣಿಸುತ್ತೇವೆ. 1 ಕೆಜಿ ಒಣ ಮರದ ಜೊತೆ 1 ಕೆಜಿ ನೀರಿದ್ದರೆ ತೇವ ಶೇ 100. ಹಾಗಾಗಿ ಹಸಿ ಮರದಲ್ಲಿ ತೇವ ನೂರು ದಾಟಿದರೂ ಗಾಬರಿಯಾಗಬೇಕಿಲ್ಲ. ಅಂಟು ಸಿಂಪಡಿಸುವ ಮುಂಚೆ ಇದನ್ನು ಶೇ 2ರಿಂದ 4ಕ್ಕೆ ಇಳಿಸಬೇಕು. ಅಷ್ಟು ಯಾಕೆ ಒಣಗಿಸಬೇಕು ಎಂಬುದಕ್ಕೆ ಒಂದು ಲೆಕ್ಕ ಮಾಡೋಣ.

30 ಸೆಂ.ಮೀ. ಉದ್ದ, ಅಷ್ಟೇ ಅಗಲ, 12 ಮಿ.ಮೀ. ದಪ್ಪದ ಹಲಗೆ; ಸಾಂದ್ರತೆ ಘನ ಮೀಟರಿಗೆ 650 ಕೆಜಿ ಬೇಕು. ಗಾತ್ರ 0.00108 ಘನ ಮೀಟರ್, ಅಂದರೆ ತೂಕ 702 ಗ್ರಾಂ. ಸಿದ್ಧ ಹಲಗೆಯಲ್ಲಿ ಶೇ 8 ತೇವ ಇರುತ್ತದೆಂದು ಇಟ್ಟುಕೊಂಡರೆ ಒಣ ತೂಕ 650 ಗ್ರಾಂ. ಒಣ ಮರದ ಶೇ 8ರಷ್ಟು ರೆಸಿನ್ ಹಾಕುವುದಾದರೆ ಮರ 602 ಗ್ರಾಂ, ರೆಸಿನ್ 48 ಗ್ರಾಂ. (ನೀರು ತಡೆಯಲು ಬೆರೆಸುವ ಮೇಣವನ್ನು ಸದ್ಯಕ್ಕೆ ಬಿಟ್ಟಿದ್ದೇನೆ.) ಆದರೆ ರೆಸಿನ್ ಬರುವುದು ದ್ರವವಾಗಿ. ಅದರಲ್ಲಿ ಘನ ಭಾಗ ಶೇ 60 ಇದ್ದರೆ 80 ಗ್ರಾಂ ಸುರಿಯಬೇಕು. ಅಲ್ಲಿಗೆ ಅಂಟಿನ ಜೊತೆಯಲ್ಲೇ 32 ಗ್ರಾಂ ನೀರು ಒಳಬಂತು.

ಚೂರಿನ ತೇವ ಶೇ 3 ಇದ್ದರೆ ಅದರದ್ದು 18 ಗ್ರಾಂ. ಒಟ್ಟು 50 ಗ್ರಾಂ, ಅಂದರೆ ಶೇ 7.7. ಪ್ರೆಸ್ಸಿಗೆ ಹೋಗಲು ಅಡ್ಡಿಯಿಲ್ಲ. ಅದೇ ಚೂರು ಶೇ 10 ತೇವದಲ್ಲಿದ್ದರೆ 60ಕ್ಕೆ 32 ಸೇರಿ 92 ಗ್ರಾಂ, ಶೇ 14. ನನ್ನ ಪೂರಿ ಉಬ್ಬಿದ್ದು ಹೀಗೆ. ಬಿಸಿ ತಟ್ಟೆಗಳ ನಡುವೆ ಆ ನೀರೆಲ್ಲ ಹಬೆಯಾಗಿ ಹಲಗೆಯ ಒಳಗೇ ಸಿಕ್ಕಿಕೊಂಡಿರುತ್ತದೆ. ಒತ್ತಡ ತೆಗೆದ ಕೂಡಲೇ ಅದು ಅಂಟಿನ ಹಿಡಿತಕ್ಕಿಂತ ಜೋರಾಗಿ ತಳ್ಳುತ್ತದೆ. ಪ್ರೆಸ್ಸನ್ನು ಒಂದೇ ಸಲಕ್ಕೆ ತೆರೆಯದೆ ಮೆಲ್ಲಮೆಲ್ಲಗೆ ಬಿಡಿ ಎಂದು ಹೇಳುವುದೂ ಇದಕ್ಕೇ.

ಹಾಗಾದರೆ ನೀರೇ ಬೇಡವೇ?

ಬೇಕು! ಮರ ಬಿಸಿಯನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ತಟ್ಟೆ 180 ಡಿಗ್ರಿ ಇದ್ದರೂ ನಡುಭಾಗ 100 ಡಿಗ್ರಿ ಮುಟ್ಟಲು ಹೊತ್ತು ಹಿಡಿಯುತ್ತದೆ. ಅಲ್ಲಿಗೆ ಬಿಸಿ ಹೊತ್ತೊಯ್ಯುವುದೇ ಹಬೆ. ಮೇಲ್ಪದರದ ತೇವ ಹಬೆಯಾಗಿ ಒಳಗೆ ನುಗ್ಗಿ, ತಣ್ಣಗಿರುವ ಚೂರುಗಳ ಮೇಲೆ ಮತ್ತೆ ನೀರಾಗುತ್ತಾ ತನ್ನ ಶಾಖವನ್ನು ಅಲ್ಲಿ ಬಿಟ್ಟುಕೊಡುತ್ತದೆ. ಆದ್ದರಿಂದ ಮೇಲ್ಪದರದ ಚೂರನ್ನು ಸ್ವಲ್ಪ ತೇವವಾಗಿಯೂ ನಡುವಿನದನ್ನು ಒಣಗಿಯೂ ಇಡುತ್ತಾರೆ. ಇಡ್ಲಿ ಬೇಯುವುದೂ ಇದೇ ತತ್ವದ ಮೇಲೆ.

ಇದರ ಇನ್ನೊಂದು ಫಲ ಹಲಗೆಯ ಅಡ್ಡ ಕೊಯ್ತದಲ್ಲಿ ಕಾಣುತ್ತದೆ. ಬಿಸಿ ಮತ್ತು ತೇವ ಮೊದಲು ತಗಲುವ ಹೊರಪದರ ಮೆತ್ತಗಾಗಿ ಜಾಸ್ತಿ ಅದುಮಿಕೊಳ್ಳುತ್ತದೆ, ನಡುಭಾಗ ಸಡಿಲ ಉಳಿಯುತ್ತದೆ. ಬಾಗುವಿಕೆಯನ್ನು ತಡೆಯಲು ಇದು ಒಳ್ಳೆಯದೇ, ಏಕೆಂದರೆ ಬಲ ಬೀಳುವುದು ಹೊರಪದರಗಳ ಮೇಲೆ. ಆದರೆ ಅಂಚಿಗೆ ಸ್ಕ್ರೂ ಹಾಕಿದರೆ ಅದು ಹೋಗಿ ಕೂರುವುದು ಆ ಸಡಿಲ ಜಾಗದಲ್ಲೇ. ಕಾರ್ಪೆಂಟರ್‌ಗಳು ‘ಅಂಚಲ್ಲಿ ಸ್ಕ್ರೂ ನಿಲ್ಲಲ್ಲ ಸಾರ್’ ಎಂದು ಗೊಣಗುವುದು ಸುಮ್ಮನೆ ಅಲ್ಲ.

ಚೂರಿನ ಆಕಾರ, ಮರದ ಭಾರ

ಉದ್ದವಾದ ತೆಳು ಚೂರು ಬಾಗುವಿಕೆ ತಡೆಯುವ ಬಲ ಕೊಡುತ್ತದೆ. ಗರಗಸದ ಹೊಟ್ಟು ಕಾಳಿನಂತೆ ಗುಂಡಗಿರುವುದರಿಂದ ಅದೊಂದರಿಂದಲೇ ಮಾಡಿದ ಹಲಗೆ ಬಿಸ್ಕತ್ತಿನಂತೆ ಮುರಿಯುತ್ತದೆ. ಅದಕ್ಕೇ ಮೂರು ಪದರ: ನಡುವೆ ದಪ್ಪ ಚೂರು, ಎರಡೂ ಮುಖಕ್ಕೆ ನುಣುಪು ಬರಲು ಸಣ್ಣದು. ಮೂರು ಪದರದ ಈ ಉಪಾಯ ಸ್ವಿಟ್ಜರ್‌ಲೆಂಡಿನ ಫ್ರೆಡ್ ಫಾರ್ನಿಯದು. ಅವನ ಸಮಕಾಲೀನ, ಜರ್ಮನಿಯ ಮ್ಯಾಕ್ಸ್ ಹಿಮ್ಮೆಲ್‌ಹೇಬರ್ 1930ರ ದಶಕದಲ್ಲೇ ಮರದ ಉಳಿಕೆಯಿಂದ ಹಲಗೆ ಮಾಡುವ ಕೆಲಸಕ್ಕೆ ಕೈಹಾಕಿದ್ದ. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರೆಮೆನ್‌ನಲ್ಲಿ ಕಾರ್ಖಾನೆಯೂ ಶುರುವಾಯಿತು. ಪರೀಕ್ಷೆಗೆ ಇತಿಹಾಸ ಇಷ್ಟು ಸಾಕು.

ಹಗುರ ಮರವೇ ಒಳ್ಳೆಯದು ಎಂದರೆ ಮೊದಲಿಗೆ ವಿಚಿತ್ರ ಅನಿಸುತ್ತದೆ. 500 ಸಾಂದ್ರತೆಯ ಮರದಿಂದ 650ರ ಹಲಗೆ ಮಾಡಿದರೆ ಚೂರುಗಳು 1.3 ಪಟ್ಟು ಅದುಮಿಕೊಂಡು ಮೈಗೆ ಮೈ ತಾಗಿಸಿ ಕೂರುತ್ತವೆ. ಮರವೇ 800 ಇದ್ದರೆ ಅದೇ 650ರೊಳಗೆ ಖಾಲಿ ಸಂದುಗಳೇ ಹೆಚ್ಚು, ಅಂಟಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಕೊನೆಗೆ ಅಂಟು

ಹೆಚ್ಚಾಗಿ ಬಳಸುವುದು ಯೂರಿಯಾ ಫಾರ್ಮಾಲ್ಡಿಹೈಡ್. ಅಗ್ಗ, ಬಣ್ಣವಿಲ್ಲ, ಬೇಗ ಗಟ್ಟಿಯಾಗುತ್ತದೆ. ವೇಗ ಹೆಚ್ಚಿಸಲು ಚಿಟಿಕೆ ಅಮೋನಿಯಂ ಕ್ಲೋರೈಡ್. ಇದರ ದೋಷ ಎರಡು. ಒಂದು, ಹಲಗೆಯಿಂದ ಫಾರ್ಮಾಲ್ಡಿಹೈಡ್ ನಿಧಾನವಾಗಿ ಹೊರಬರುತ್ತಲೇ ಇರುತ್ತದೆ. ಅದು ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು. ಯುರೋಪಿನ ಇ1 ದರ್ಜೆಯಲ್ಲಿ (ಕಡಿಮೆ ಫಾರ್ಮಾಲ್ಡಿಹೈಡ್ ಬಿಡುವ ಹಲಗೆಗಳ ದರ್ಜೆ) 100 ಗ್ರಾಂ ಹಲಗೆಗೆ 8 ಮಿಲಿಗ್ರಾಂ ಮಿತಿ. ಎರಡು, ಬಿಸಿ ಮತ್ತು ನೀರು ಸೇರಿದರೆ ಈ ಅಂಟಿನ ಬಂಧ ಕಳಚುತ್ತದೆ. ಪ್ರೆಸ್ಸಿನಿಂದ ಬಂದ ಹಲಗೆಗಳನ್ನು ಬಿಸಿಯಾಗಿಯೇ ಒಂದರ ಮೇಲೊಂದು ಪೇರಿಸದೆ ಮೊದಲು ಆರಿಸುವುದು ಅದಕ್ಕೇ.

ಭಾರತೀಯ ಮಾನಕ ಐಎಸ್ 3087 ಓದುವಾಗ ನೀರಲ್ಲಿ ನೆನೆಸಿ ದಪ್ಪ ಅಳೆಯುವ ಪರೀಕ್ಷೆಯನ್ನು ಹಾರಿಸಬೇಡಿ. ಅಲ್ಲಿ ಉಬ್ಬುವುದು ಎರಡು ಕಾರಣಕ್ಕೆ. ಮರ ನೀರು ಕುಡಿದು ಉಬ್ಬುವುದು ಒಂದು. ಅದು ಒಣಗಿದರೆ ಇಳಿಯುತ್ತದೆ. ಪ್ರೆಸ್ಸಿನಲ್ಲಿ ಅದುಮಿಸಿಕೊಂಡಿದ್ದ ಚೂರು ಅಂಟಿನ ಹಿಡಿತ ಸಡಿಲವಾದ ಕೂಡಲೇ ಹಳೇ ದಪ್ಪಕ್ಕೆ ಮರಳುವುದು ಇನ್ನೊಂದು, ಇದು ಇಳಿಯುವುದಿಲ್ಲ. ನಮ್ಮ ಮನೆ ಸಿಂಕ್ ಕೆಳಗಿನ ಬಾಗಿಲಿನ ಅಂಚು ಊದಿದಾಗ ಅಮ್ಮ ಅದನ್ನು ಬಿಚ್ಚಿಸಿ ಎರಡು ದಿನ ಬಿಸಿಲಿಗೆ ಒರಗಿಸಿದ್ದರು. ಚೆನ್ನಾಗಿ ಒಣಗಿತು, ಊದಿಕೊಂಡೇ ಒಣಗಿತು.