ಫೈಲ್ ಸಿಸ್ಟಮ್ ಫ್ರೀಜ್: ಕರ್ನಲ್ ಯಾರನ್ನು ಮೊದಲು ತಡೆಯುತ್ತದೆ?

ಸರ್ವರ್ ಓಡುತ್ತಿರುವಾಗಲೇ ಡಿಸ್ಕಿನ ಸ್ನ್ಯಾಪ್‌ಶಾಟ್, ಅಂದರೆ ಒಂದು ಕ್ಷಣದಲ್ಲಿ ಇದ್ದ ಹಾಗಿನ ನಕಲು, ಬೇಕು. "ಒಂದು ಸಿಂಕ್ ಹೊಡೆದು ತೆಗೆದರೆ ಆಯ್ತಲ್ವಾ ಸರ್?" ಎಂದು ಹೊಸಬರು ಕೇಳುತ್ತಾರೆ. ಸಾಲದು. ಸಿಂಕ್ ಮಾಡುವುದು ಇಷ್ಟೇ: ಆ ಹೊತ್ತಿಗೆ ಮೆಮೊರಿಯಲ್ಲಿ ಉಳಿದಿದ್ದನ್ನು ಡಿಸ್ಕಿಗೆ ಇಳಿಸುತ್ತದೆ. ಅದು ಮುಗಿಯುವಷ್ಟರಲ್ಲಿ ಬೇರೆ ಯಾರೋ ಮತ್ತೆ ಬರೆದಿರುತ್ತಾರೆ. ಮೊದಲು ಬರೆಯುವವರನ್ನೇ ನಿಲ್ಲಿಸಬೇಕು. ಫ್ರೀಜ್ ಇರುವುದೇ ಅದಕ್ಕೆ.

ಲಿನಕ್ಸ್‌ನಲ್ಲಿ ಮೊದಮೊದಲು ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಬಳಸುವವರಿಗೆ ಮಾತ್ರ ಇದಕ್ಕೊಂದು ಕಮಾಂಡ್ ಇತ್ತು. 2009ರಲ್ಲಿ ಬಂದ 2.6.29 ಕರ್ನಲ್ (ಲಿನಕ್ಸ್‌ನ ತಿರುಳು) ಇದನ್ನು ಎಕ್ಸ್‌ಟಿ4 ಮುಂತಾದ ಬೇರೆ ಫೈಲ್ ಸಿಸ್ಟಮ್‌ಗಳಿಗೂ ತೆರೆಯಿತು. ಈಗ ನಾವು ಬಳಸುವ ಎಫ್‌ಎಸ್‌ಫ್ರೀಜ್ ಕಮಾಂಡ್ ಕರೆಯುವುದು ಅದನ್ನೇ.

ಆದರೆ ಆಗಿನ ಕೋಡ್‌ನಲ್ಲಿ ಒಂದು ತೂತು ಇತ್ತು. ಬರೆಯಲು ಬಂದ ಪ್ರೋಸೆಸ್ "ಫ್ರೀಜ್ ಆಗಿದೆಯಾ?" ಎಂದು ಇಣುಕಿ ನೋಡಿ, ಇಲ್ಲ ಅಂದರೆ ಒಳಗೆ ಹೋಗುತ್ತಿತ್ತು. ನೋಡಿದ್ದಕ್ಕೂ ಬರೆದಿದ್ದಕ್ಕೂ ನಡುವೆ ಫ್ರೀಜ್ ಪೂರ್ತಿ ಮುಗಿದಿದ್ದರೆ? ಫ್ರೀಜ್ ಆದ ಫೈಲ್ ಸಿಸ್ಟಮ್ ಮೇಲೇ ಹೊಸ ಡೇಟಾ ಕೂತುಬಿಡುತ್ತಿತ್ತು. 2012ರಲ್ಲಿ 3.6 ಕರ್ನಲ್‌ಗಾಗಿ ಕರ್ನಲ್ ಡೆವಲಪರ್ ಯಾನ್ ಕಾರಾ ಇದನ್ನು ಬುಡದಿಂದ ಸರಿಮಾಡಿದರು. ಅಲ್ಲಿಂದ ಮುಂದೆ ಸುಮ್ನೆ ಇಣುಕುವುದು ಸಾಲದು. ಒಳಗೆ ಬರುವಾಗ ಲೆಕ್ಕಕ್ಕೆ ಸೇರಬೇಕು, ಹೋಗುವಾಗ ಲೆಕ್ಕದಿಂದ ಬಿಡಿಸಿಕೊಳ್ಳಬೇಕು. ಪ್ರತಿ ಸಿಪಿಯುಗೂ ತನ್ನದೇ ಕೌಂಟರ್ ಇರುವುದರಿಂದ ದಿನನಿತ್ಯದ ಬರಹಕ್ಕೆ ಹೊರೆ ಬೀಳುವುದಿಲ್ಲ. ಎಲ್ಲ ಕೌಂಟರ್ ಕೂಡಿ ನೋಡುವ ಕಷ್ಟ ಅಪರೂಪಕ್ಕೆ ಫ್ರೀಜ್ ಮಾಡುವವರದ್ದು. ನನಗೆ ಇದು ನ್ಯಾಯವಾದ ಹಂಚಿಕೆ ಅನ್ನಿಸುತ್ತದೆ.

ನಿಜವಾದ ಜಾಣತನ ಇರುವುದು ತಡೆಯುವ ಕ್ರಮದಲ್ಲಿ. ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಹಾಲ್ ಗುಡಿಸಬೇಕು ಅಂದರೆ ಮೊದಲು ಮುಂಬಾಗಿಲು ಹಾಕಬೇಕು, ಕೂತವರು ಊಟ ಮುಗಿಸಿ ಏಳುವ ತನಕ ಕಾಯಬೇಕು. ಆಮೇಲೆ ಹಿಂಬಾಗಿಲಿನಿಂದ ನುಗ್ಗುವ ನೆಂಟರು. ಬಡಿಸುವವರನ್ನು ನಿಲ್ಲಿಸುವುದು ಕೊನೆಗೆ. ಅವರನ್ನೇ ಮೊದಲು ನಿಲ್ಲಿಸಿದರೆ ಕೂತವರು ಏಳುವುದೇ ಇಲ್ಲ!

ಕರ್ನಲ್ ಮಾಡುವುದೂ ಹಾಗೇ. ಮೊದಲ ಹಂತದಲ್ಲಿ ರೈಟ್‌ನಂಥ ಸಿಸ್ಟಮ್ ಕಾಲ್‌ಗಳನ್ನು (ಪ್ರೋಗ್ರಾಮ್ ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳನ್ನು) ತಡೆಯುತ್ತದೆ, ಒಳಗಿದ್ದವು ಮುಗಿಯುವವರೆಗೆ ಕಾಯುತ್ತದೆ. ಎರಡನೆಯದು ಎಂಮ್ಯಾಪ್ ದಾರಿ. ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡಿಕೊಂಡ ಪ್ರೋಗ್ರಾಮ್ ಯಾವ ಸಿಸ್ಟಮ್ ಕಾಲ್ ಕೂಡ ಇಲ್ಲದೆ ಬರೆಯಬಲ್ಲದು. ಅದನ್ನು ಹಿಡಿಯಲು ಪೇಜ್ ಫಾಲ್ಟ್ ಒಂದೇ ಜಾಗ, ಅಂದರೆ ಮೆಮೊರಿಯ ಪೇಜಿಗೆ ಬರೆಯಲು ಅನುಮತಿ ಇಲ್ಲದೆ ಪ್ರೋಗ್ರಾಮ್ ಕರ್ನಲ್ ಕೈಗೆ ಸಿಗುವ ಕ್ಷಣ. ಈ ಎರಡೂ ನಿಂತ ಮೇಲೆ ಸಿಂಕ್. ಆಗ ಪೇಜುಗಳು ಡಿಸ್ಕಿಗೆ ಹೋಗಿ, ಮ್ಯಾಪಿಂಗ್‌ನಲ್ಲಿ ಓದಲಿಕ್ಕೆ ಮಾತ್ರ ಎಂದು ಗುರುತಾಗುತ್ತವೆ. ಮತ್ತೆ ಬರೆಯಲು ಹೋದವರು ಫಾಲ್ಟ್‌ನಲ್ಲಿ ನಿಲ್ಲುತ್ತಾರೆ. ಫೈಲ್ ಸಿಸ್ಟಮ್‌ನ ಒಳಗಿನ ಕೆಲಸಗಳನ್ನು ತಡೆಯುವುದು ಮೂರನೇ ಹಂತದಲ್ಲಿ, ಯಾಕೆಂದರೆ ಸಿಂಕ್ ಮುಗಿಯಲು ಅವು ಬೇಕೇ ಬೇಕು. ಕೊನೆಗೆ ಆಯಾ ಫೈಲ್ ಸಿಸ್ಟಮ್ ತನ್ನ ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಜಾಗ) ಖಾಲಿ ಮಾಡಿಕೊಳ್ಳುತ್ತದೆ.

ಓದುವವರಿಗೆ ತೊಂದರೆ ಇಲ್ಲ. ಹಾಗಾದರೆ ಓದಿದಾಗ ಬದಲಾಗುವ ಆಕ್ಸೆಸ್ ಟೈಮ್ ಕಥೆ ಏನು? ಅದೂ ಬರಹವೇ ಅಲ್ವಾ? ಅಲ್ಲಿ ಕರ್ನಲ್ ಕಾಯುವುದಿಲ್ಲ. ಪ್ರಯತ್ನ ಮಾಡಿ ನೋಡುತ್ತದೆ, ಫ್ರೀಜ್ ಆಗಿದ್ದರೆ ಸಮಯ ಬರೆಯುವುದನ್ನೇ ಬಿಟ್ಟು ಮುಂದೆ ಹೋಗುತ್ತದೆ.

ಬರೆಯಲು ಬಂದು ಸಿಕ್ಕಿಕೊಂಡ ಪ್ರೋಸೆಸ್ ಪ್ರೋಸೆಸ್ ಪಟ್ಟಿ ತೋರಿಸುವ ಪಿಎಸ್ ಕಮಾಂಡ್‌ನಲ್ಲಿ ಡಿ ಸ್ಥಿತಿಯಲ್ಲಿ, ಅಂದರೆ ಎಬ್ಬಿಸಲಾಗದ ನಿದ್ದೆಯಲ್ಲಿ, ಕಾಣುತ್ತದೆ. ಪ್ರೋಸೆಸನ್ನು ಬಲವಂತವಾಗಿ ಮುಗಿಸುವ ಕಿಲ್ ಮೈನಸ್ 9 ಕೊಟ್ಟರೂ ಅಲುಗಾಡುವುದಿಲ್ಲ. ಸಿಪಿಯು ಖಾಲಿ ಇದ್ದರೂ ಲೋಡ್ ಆವರೇಜ್ (ಓಡುವ ಮತ್ತು ಹೀಗೆ ಸಿಕ್ಕಿಕೊಂಡ ಪ್ರೋಸೆಸ್‌ಗಳ ಸರಾಸರಿ ಲೆಕ್ಕ) ಏರುತ್ತಾ ಹೋಗುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 120 ಸೆಕೆಂಡ್ ದಾಟಿದರೆ ಕರ್ನಲ್ ಲಾಗ್‌ನಲ್ಲಿ ಹಂಗ್ ಟಾಸ್ಕ್ ಎಚ್ಚರಿಕೆ ಬೀಳುತ್ತದೆ. ಇದನ್ನು ನೋಡಿ ಡಿಸ್ಕ್ ಕೆಟ್ಟಿತು ಅಂದುಕೊಳ್ಳುವವರೇ ಜಾಸ್ತಿ.

ಬ್ಯಾಕಪ್ ಸ್ಕ್ರಿಪ್ಟ್ ಯಾರದ್ದೇ ನನ್ನ ಮುಂದೆ ಬಂದರೂ ನಾನು ಮೊದಲು ನೋಡುವುದು ಫ್ರೀಜ್ ಸಾಲಿಗೂ ಥಾ (ಫ್ರೀಜ್ ಬಿಡಿಸುವ) ಸಾಲಿಗೂ ನಡುವೆ ಏನಿದೆ ಎಂದು. "ಫ್ರೀಜ್ ಆಯಿತು" ಎಂದು ಲಾಗ್ ಫೈಲಿಗೆ ಬರೆಯುವ ಒಂದು ಸಾಲು ಅಲ್ಲಿದ್ದು, ಆ ಲಾಗ್ ಕೂಡ ಅದೇ ಫೈಲ್ ಸಿಸ್ಟಮ್‌ನಲ್ಲಿ ಇದ್ದರೆ ಮುಗಿಯಿತು. ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ, ಥಾ ಸಾಲಿಗೆ ತಲುಪುವುದೇ ಇಲ್ಲ. ಸಿಸ್ಟಮ್‌ನ ಮೂಲ ಫೈಲುಗಳಿರುವ ರೂಟ್ ಫೈಲ್ ಸಿಸ್ಟಮ್ ಫ್ರೀಜ್ ಮಾಡಿದರಂತೂ ಹೊಸದಾಗಿ ಎಸ್‌ಎಸ್‌ಎಚ್ ಲಾಗಿನ್ ಕೂಡ ತನ್ನ ದಾಖಲೆ ಬರೆಯಲು ಹೋಗಿ ಸಿಕ್ಕಿಕೊಳ್ಳಬಹುದು.

ಡಿಸ್ಕಿನ ಜಾಗವನ್ನು ಹಂಚಿ ನೋಡಿಕೊಳ್ಳುವ ಎಲ್‌ವಿಎಂನ ಸ್ನ್ಯಾಪ್‌ಶಾಟ್ ಆದರೆ ಕೈಯಾರೆ ಫ್ರೀಜ್ ಮಾಡಲೇಬೇಡಿ. ಎಲ್‌ವಿಎಂಗೆ ಅಡಿಪಾಯವಾದ ಕರ್ನಲ್ ಭಾಗ ಡಿವೈಸ್ ಮ್ಯಾಪರ್. ಅದು ಡಿವೈಸನ್ನು ಸಸ್ಪೆಂಡ್ ಮಾಡುವಾಗ, ಅಂದರೆ ತಾತ್ಕಾಲಿಕವಾಗಿ ನಿಲ್ಲಿಸುವಾಗ, ಮೇಲಿರುವ ಫೈಲ್ ಸಿಸ್ಟಮನ್ನು ತಾನೇ ಫ್ರೀಜ್ ಮಾಡಿಕೊಳ್ಳುತ್ತದೆ. ನೀವು ರೂಟನ್ನು ಮೊದಲೇ ಫ್ರೀಜ್ ಮಾಡಿಟ್ಟರೆ ಎಲ್‌ವಿಎಂ ತನ್ನ ಮೆಟಾಡೇಟಾ ಬ್ಯಾಕಪ್ಪನ್ನು ಇಟಿಸಿ ಫೋಲ್ಡರ್ ಕೆಳಗೆ ಬರೆಯಲು ಹೋಗಿ ನಿಂತುಬಿಡುತ್ತದೆ. ಎಲ್‌ವಿಎಂ ಬರೆದವರು ಎಷ್ಟು ಎಚ್ಚರದವರು ಅಂದರೆ, ಸಸ್ಪೆಂಡ್‌ಗೆ ಮೊದಲು ಪ್ರೋಗ್ರಾಮ್ ತನ್ನನ್ನೇ ಮೆಮೊರಿಯಲ್ಲಿ ಲಾಕ್ ಮಾಡಿಕೊಳ್ಳುತ್ತದೆ. ಇಲ್ಲದಿದ್ದರೆ ರೆಸ್ಯೂಮ್ ಮಾಡುವ ಕೋಡನ್ನೇ ನಿಂತ ಡಿಸ್ಕಿನಿಂದ ಓದಬೇಕಾಗಿ ಬರಬಹುದು.

ಡೇಟಾಬೇಸ್ ಇದ್ದರೆ ಇನ್ನೊಂದು ಮಾತು. ಫ್ರೀಜ್‌ಗೆ ಫೈಲುಗಳು ಗೊತ್ತು, ಟ್ರಾನ್ಸಾಕ್ಷನ್ ಗೊತ್ತಿಲ್ಲ. ಡೇಟಾ ಮತ್ತು ಲಾಗ್ ಒಂದೇ ಕಡೆ ಇದ್ದರೆ ಡೇಟಾಬೇಸ್ ಕರೆಂಟ್ ಹೋಗಿ ಬಂದ ಹಾಗೆ ಎದ್ದುಕೊಳ್ಳುತ್ತದೆ. ಎರಡು ಫೈಲ್ ಸಿಸ್ಟಮ್‌ಗಳಲ್ಲಿ ಹಂಚಿದ್ದರೆ ಎರಡನ್ನೂ ಫ್ರೀಜ್ ಮಾಡಿ, ಎರಡೂ ಸ್ನ್ಯಾಪ್‌ಶಾಟ್ ತೆಗೆದು, ಆಮೇಲೆ ಎರಡನ್ನೂ ಬಿಡಬೇಕು.

ಎಲ್ಲವೂ ಸಿಕ್ಕಿಕೊಂಡು, ಎಲ್ಲೋ ಒಂದು ರೂಟ್ ಶೆಲ್ (ಅಡ್ಮಿನ್ ಅಧಿಕಾರದ ಕಮಾಂಡ್ ವಿಂಡೋ) ತೆರೆದೇ ಇದ್ದರೆ, ಕರ್ನಲ್‌ಗೆ ತುರ್ತು ಆದೇಶ ಕೊಡುವ ಸಿಸ್‌ರಿಕ್ವೆಸ್ಟ್ ಟ್ರಿಗರ್ ಫೈಲಿಗೆ ಜೆ ಅಕ್ಷರ ಎಕೋ ಮಾಡಿ. ಫ್ರೀಜ್ ಆದ ಎಲ್ಲ ಫೈಲ್ ಸಿಸ್ಟಮ್ ಬಿಡುಗಡೆಯಾಗುತ್ತವೆ. ಆ ಫೈಲ್ ಇರುವ ಪ್ರಾಕ್ ಫೋಲ್ಡರ್ ಡಿಸ್ಕಿನ ಮೇಲಿಲ್ಲ, ಹಾಗಾಗಿ ಈ ಬರಹಕ್ಕೆ ತಡೆ ಇಲ್ಲ. ಆದರೆ ಕೆಳಗಿನ ಡಿವೈಸೇ ಸಸ್ಪೆಂಡ್ ಆಗಿದ್ದರೆ ಇದು ಸಾಲದು. ಡಿವೈಸ್ ಮ್ಯಾಪರ್‌ನ ಕಮಾಂಡ್ ಆದ ಡಿಎಂಸೆಟಪ್ ಇನ್ಫೋದಲ್ಲಿ ಸ್ಟೇಟ್ ಸಾಲು ನೋಡಿ. ಸಸ್ಪೆಂಡೆಡ್ ಎಂದಿದ್ದರೆ ಡಿಎಂಸೆಟಪ್ ರೆಸ್ಯೂಮ್ ಕೊಡಿ.