ವೈಫೈ ಕಾಣಿಸದಿದ್ದಾಗ ಕರ್ನೆಲ್ ಏನು ಹೇಳುತ್ತದೆ?

ಹಳೇ ಲ್ಯಾಪ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿದ್ದೀರಿ ಅಂದುಕೊಳ್ಳಿ. ಸ್ಕ್ರೀನ್ ಬಂತು, ಕೀಬೋರ್ಡ್ ಬಂತು, ಸೌಂಡ್ ಕೂಡ ಬಂತು. ವೈಫೈ ಮಾತ್ರ ಇಲ್ಲ. ಆಗ ಹೆಚ್ಚಿನವರು ನೆಟ್‌ನಲ್ಲಿ ಹುಡುಕಿ, ಸಿಕ್ಕಿದ ಕಮಾಂಡ್‌ಗಳನ್ನೆಲ್ಲ ಒಂದಾದ ಮೇಲೊಂದು ಹೊಡೆಯುತ್ತಾರೆ. ನಾಲ್ಕನೆಯದು ಕೆಲಸ ಮಾಡಿದರೂ ಯಾಕೆ ಮಾಡಿತು ಅಂತ ಗೊತ್ತಾಗುವುದಿಲ್ಲ. ಮೊದಲ ಮೂರು ಏನು ಕೆಡಿಸಿದವು ಅಂತಲೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ಕರೆಂಟ್ ಹೋದರೆ ನಾವು ಹೀಗೆ ಮಾಡುವುದಿಲ್ಲ, ಅಲ್ವಾ? ಮೊದಲು ಪಕ್ಕದ ಮನೆ ನೋಡುತ್ತೇವೆ. ಅಲ್ಲೂ ಕತ್ತಲೆ ಇದ್ದರೆ ತೊಂದರೆ ಟ್ರಾನ್ಸ್‌ಫಾರ್ಮರ್ ಕಡೆಯದು. ಅಲ್ಲಿ ದೀಪ ಉರಿಯುತ್ತಿದ್ದರೆ ನಮ್ಮ ಫ್ಯೂಸ್ ನೋಡುತ್ತೇವೆ. ಆಮೇಲೆ ಸ್ವಿಚ್ಚು, ಕೊನೆಗೆ ಬಲ್ಬು. ಕರೆಂಟ್ ಬರುವ ದಾರಿ ಗೊತ್ತಿರುವುದರಿಂದ ಅದು ಎಲ್ಲಿ ನಿಂತಿದೆ ಅಂತ ಹುಡುಕುವುದು ಸುಲಭ. ಡ್ರೈವರ್, ಅಂದರೆ ಹಾರ್ಡ್‌ವೇರಿನ ಒಂದು ಭಾಗವನ್ನು ನಡೆಸುವ ಪ್ರೋಗ್ರಾಮ್, ಅದಕ್ಕೂ ಇಂಥದೇ ದಾರಿ ಇದೆ.

ಕರ್ನೆಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಕರ್ನೆಲ್ ಇವತ್ತು 3 ಕೋಟಿ ಸಾಲು ದಾಟಿದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳೇ. ಅಷ್ಟನ್ನೂ ಮೆಮೊರಿಗೆ ತುಂಬಿದರೆ ಯಾವ ಕಂಪ್ಯೂಟರಿಗೂ ಭಾರ. ಅದಕ್ಕೇ ಬಹುಪಾಲು ಡ್ರೈವರ್‌ಗಳು ಮಾಡ್ಯೂಲ್ ಎಂಬ ಬಿಡಿ ಫೈಲುಗಳಾಗಿ ಡಿಸ್ಕಿನಲ್ಲಿ ಕೂತಿರುತ್ತವೆ. ಬೇಕಾದಾಗ ಒಳಗೆ ಬರುತ್ತವೆ. ಬೇಡವಾದಾಗ ಹೊರಗೆ ಹೋಗುತ್ತವೆ.

ಯಾವುದು ಬೇಕು ಅಂತ ಗೊತ್ತಾಗುವುದು ಹೇಗೆ? ಪ್ರತಿ ಚಿಪ್‌ಗೂ ಒಂದು ನಂಬರ್ ಇರುತ್ತದೆ. ಅದರ ಮೊದಲರ್ಧ ತಯಾರಕರದು, ಉಳಿದರ್ಧ ಮಾಡೆಲ್‌ನದು. ಇಂಟೆಲ್ ಕಂಪನಿಯ ನಂಬರ್ 8086. 1978ರಲ್ಲಿ ಬಂದ ಅವರ ಹೆಸರಾಂತ ಪ್ರೊಸೆಸರ್ ಇತ್ತಲ್ಲ, ಅದೇ ನಂಬರ್. ಬ್ರಾಡ್‌ಕಾಮ್‌ನದು 14ಇ4. ಪ್ರತಿ ಮಾಡ್ಯೂಲ್ ಕೂಡ ತಾನು ಯಾವ ಯಾವ ನಂಬರ್‌ಗಳನ್ನು ನೋಡಿಕೊಳ್ಳಬಲ್ಲೆ ಎಂಬ ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ನಂಬರ್ ಮತ್ತು ಪಟ್ಟಿ ಕೂಡಿದರೆ ಆ ಮಾಡ್ಯೂಲ್ ತಾನಾಗೇ ಲೋಡ್ ಆಗುತ್ತದೆ.

ಹಾಗಾಗಿ ನಾನು ಮೊದಲು ಓಡಿಸುವುದು ಎಲ್‌ಎಸ್‌ಪಿಸಿಐ ಕಮಾಂಡ್. ಜೊತೆಗೆ ಎನ್‌ಎನ್‌ಕೆ ಎಂಬ ಮೂರು ಅಕ್ಷರ ಸೇರಿಸಿದರೆ ಚಿಪ್‌ನ ಹೆಸರು, ನಂಬರ್, ಈಗ ಅದನ್ನು ಹಿಡಿದಿರುವ ಡ್ರೈವರ್ ಮೂರೂ ಒಟ್ಟಿಗೆ ಕಾಣುತ್ತವೆ. ಈ ಕಮಾಂಡ್ ತೋರಿಸುವುದರಲ್ಲಿ ಚಿಪ್ಪೇ ಇಲ್ಲದಿದ್ದರೆ ಯಾವ ಡ್ರೈವರ್ ಹಾಕಿಯೂ ಉಪಯೋಗವಿಲ್ಲ. ಕಾರ್ಡ್ ಸಡಿಲವಾಗಿರಬಹುದು, ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಬಂದ್ ಆಗಿರಬಹುದು. ಯುಎಸ್‌ಬಿ ಸಾಧನವಾದರೆ ಎಲ್‌ಎಸ್‌ಯುಎಸ್‌ಬಿ ನೋಡಬೇಕು.

2009ರ ಸುಮಾರಿನ ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಬ್ರಾಡ್‌ಕಾಮ್‌ನ ಬಿಸಿಎಂ4312 ಎಂಬ ವೈಫೈ ಚಿಪ್ ಇರುತ್ತಿತ್ತು. ನಂಬರ್ 14ಇ4:4315. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಚಿಪ್ ಕಾಣುತ್ತಿದೆ. ಬಿ43 ಎಂಬ ಡ್ರೈವರ್ ಅದನ್ನು ಹಿಡಿದಿದೆ. ಆದರೂ ವೈಫೈ ಇಲ್ಲ. ಈಗ ಕರ್ನೆಲ್ ಬರೆದಿಟ್ಟ ದಿನಚರಿ ಓದಬೇಕು. ಅದನ್ನು ತೋರಿಸುವ ಕಮಾಂಡ್ ಡಿಮೆಸೇಜ್ (dmesg). ಸಾವಿರಾರು ಸಾಲು ಬರುತ್ತವೆ, ಹೆದರಬೇಡಿ. ಬಿ43 ಹೆಸರಿರುವ ಸಾಲುಗಳನ್ನಷ್ಟೇ ಹುಡುಕಿ. ಅಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ ಮೈನಸ್ 2 ಅಂತ ಇರುತ್ತದೆ.

ಈ ಮೈನಸ್ ನಂಬರ್‌ಗಳನ್ನು ಕಂಡು ಹಿಂದೆ ಸರಿಯುವವರು ಬಹಳ. ಒಂದೊಂದಕ್ಕೂ ನೇರವಾದ ಅರ್ಥ ಇದೆ. ಮೈನಸ್ 2 ಅಂದರೆ 'ಅಂಥ ಫೈಲ್ ಇಲ್ಲ'. ಮೈನಸ್ 19 ಅಂದರೆ 'ಅಂಥ ಸಾಧನ ಇಲ್ಲ'. ಮೈನಸ್ 110 ಅಂದರೆ 'ಕಾದೆ, ಉತ್ತರ ಬರಲಿಲ್ಲ'. ಯುಎಸ್‌ಬಿ ಸಾಧನದ ವಿಷಯದಲ್ಲಿ ಮೈನಸ್ 71 ಕಂಡರೆ ಎರಡು ಕಡೆಯ ಮಾತುಕತೆ ನಡುವೆ ಕೆಟ್ಟಿದೆ ಎಂದರ್ಥ. ಡ್ರೈವರ್ ಮುಟ್ಟುವ ಮೊದಲು ಕೇಬಲ್ ಬದಲಿಸಿ ನೋಡಿ, ಇನ್ನೊಂದು ಪೋರ್ಟ್‌ಗೆ ಹಾಕಿ ನೋಡಿ.

ನಮ್ಮ ಬಿ43ಗೆ ಸಿಗದ ಆ ಫೈಲ್ ಯಾವುದು? ಇಂಥ ವೈಫೈ ಚಿಪ್‌ನೊಳಗೆ ಅದರದೇ ಆದ ಪುಟ್ಟ ಪ್ರೊಸೆಸರ್ ಇರುತ್ತದೆ. ಅದಕ್ಕೆ ಬೇಕಾದ ಪ್ರೋಗ್ರಾಮೇ ಫರ್ಮ್‌ವೇರ್. ಪವರ್ ಹೋದರೆ ಚಿಪ್ ಅದನ್ನು ಮರೆಯುತ್ತದೆ. ಹಾಗಾಗಿ ಪ್ರತಿ ಸಲ ಡ್ರೈವರ್ ಅದನ್ನು ಡಿಸ್ಕಿನಿಂದ ಓದಿ ಚಿಪ್‌ಗೆ ಕಳಿಸಬೇಕು. ಈ ಚಿಪ್‌ನ ಫರ್ಮ್‌ವೇರ್ ಕಂಪನಿಯ ಸ್ವತ್ತು. ಅದನ್ನು ಲಿನಕ್ಸ್ ಜೊತೆ ಹಂಚಲು ಅನುಮತಿ ಇರಲಿಲ್ಲ. ಚಿಪ್ ಹೇಗೆ ಕೆಲಸ ಮಾಡುತ್ತದೆ ಎಂಬ ದಾಖಲೆಯನ್ನೂ ಕಂಪನಿ ಕೊಟ್ಟಿರಲಿಲ್ಲ.

ಆಗ ಸ್ವಯಂಸೇವಕರು ಮಾಡಿದ ಕೆಲಸ ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ಅವರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಡ್ರೈವರನ್ನು ಬಿಡಿಸಿ ನೋಡಿ, ಚಿಪ್‌ಗೆ ಏನೇನು ಹೇಳಬೇಕು ಎಂಬುದನ್ನು ಮಾತಿನಲ್ಲಿ ಬರೆದಿಟ್ಟಿತು. ಇನ್ನೊಂದು ಗುಂಪು ಕಂಪನಿಯ ಕೋಡ್ ನೋಡದೆ, ಆ ಬರಹ ಓದಿ ಹೊಸ ಡ್ರೈವರ್ ಬರೆಯಿತು. ನಕಲು ಮಾಡಿದರು ಅಂತ ಯಾರೂ ಹೇಳುವ ಹಾಗಿಲ್ಲ. ಹೀಗೆ ಹುಟ್ಟಿದ ಡ್ರೈವರ್ 2006ರಲ್ಲಿ ಕರ್ನೆಲ್ ಒಳಗೆ ಸೇರಿತು. ಅದರ ಮುಂದಿನ ರೂಪವೇ ಬಿ43. ಫರ್ಮ್‌ವೇರ್ ಹಂಚುವಂತಿಲ್ಲವಾದ್ದರಿಂದ, ಕಂಪನಿಯದೇ ಡ್ರೈವರ್ ಫೈಲಿನಿಂದ ಆ ಭಾಗವನ್ನು ಕತ್ತರಿಸಿ ತೆಗೆಯುವ 'ಎಫ್‌ಡಬ್ಲ್ಯೂಕಟರ್' ಎಂಬ ಪುಟ್ಟ ಪ್ರೋಗ್ರಾಮ್ ಕೂಡ ಬಂತು. ಡೆಬಿಯನ್, ಉಬುಂಟುಗಳಲ್ಲಿ ಇದನ್ನೆಲ್ಲ ಮಾಡಿಕೊಡುವ ಪ್ಯಾಕೇಜ್ ಇದೆ. ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕಲ್ಲ? ಲ್ಯಾನ್ ಕೇಬಲ್ ಚುಚ್ಚಿ. ಇಲ್ಲವೇ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಟೆದರಿಂಗ್ ಆನ್ ಮಾಡಿ.

ದಾರಿ ಬೇರೆ ಕಡೆಯೂ ಕಟ್ಟಬಹುದು. ಇದೇ ಚಿಪ್‌ಗೆ ಕಂಪನಿ ಕೊಡುವ ಡಬ್ಲ್ಯೂಎಲ್ ಎಂಬ ಡ್ರೈವರ್ ಕೂಡ ಇದೆ. ಎರಡನ್ನೂ ಹಾಕಿದರೆ ಜಗಳ ಶುರು. ಒಂದನ್ನು ಬ್ಲ್ಯಾಕ್‌ಲಿಸ್ಟ್ ಮಾಡಬೇಕು, ಅಂದರೆ ತಾನಾಗೇ ಲೋಡ್ ಆಗದ ಹಾಗೆ ಒಂದು ಫೈಲಿನಲ್ಲಿ ಬರೆದಿಡಬೇಕು. ಇಂಥ ಹೊರಗಿನ ಡ್ರೈವರ್‌ಗಳಿಗೆ ಇನ್ನೊಂದು ಕಷ್ಟ ಇದೆ. ಒಂದು ಕರ್ನೆಲ್‌ಗೆ ಕಟ್ಟಿದ ಮಾಡ್ಯೂಲ್ ಸಾಮಾನ್ಯವಾಗಿ ಇನ್ನೊಂದಕ್ಕೆ ಹೊಂದುವುದಿಲ್ಲ. ನಿನ್ನೆ ಸರಿಯಿದ್ದ ವೈಫೈ ಇವತ್ತು ಅಪ್‌ಡೇಟ್ ಆದ ಮೇಲೆ ಹೋಯಿತು ಅಂದರೆ ಕಾರಣ ಬಹುಪಾಲು ಇದೇ. ಹೊಸ ಕರ್ನೆಲ್ ಬಂದಾಗೆಲ್ಲ ಮಾಡ್ಯೂಲನ್ನು ಮತ್ತೆ ಕಟ್ಟಿಕೊಡುವ ಡಿಕೆಎಂಎಸ್ ಎಂಬ ಏರ್ಪಾಡು ಇದೆ. ಮಾಡ್ಯೂಲ್ ಕಟ್ಟಲು ಬೇಕಾಗುವ ಆ ಕರ್ನೆಲ್‌ನ ಹೆಡರ್ ಫೈಲುಗಳು ಇಲ್ಲದಿದ್ದರೆ ಅದೂ ಏನೂ ಮಾಡಲಾರದು. ಸದ್ಯಕ್ಕೆ ಬೂಟ್ ಮೆನುವಿನಲ್ಲಿ ಹಳೇ ಕರ್ನೆಲ್ ಆರಿಸಿಕೊಂಡು ಕೆಲಸ ಮುಂದುವರಿಸಿ.

ಸೆಕ್ಯೂರ್ ಬೂಟ್ ಅಂದರೆ ಒಪ್ಪಿಗೆಯ ಡಿಜಿಟಲ್ ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ನಡೆಯಲು ಬಿಡುವ ಏರ್ಪಾಡು. ಅದು ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನೆಲ್ ಒಳಗೇ ಬಿಡುವುದಿಲ್ಲ. 'ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್' ಎಂಬ ಉತ್ತರ ಬಂದರೆ ಡ್ರೈವರ್ ಕೆಟ್ಟಿಲ್ಲ, ಅದರ ಸಹಿಗೆ ಒಪ್ಪಿಗೆ ಸಿಕ್ಕಿಲ್ಲ ಅಷ್ಟೇ. ಸುಮ್ನೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಸಹಿಯ ಕೀಲಿಯನ್ನು ನೋಂದಾಯಿಸಿ ರೀಬೂಟ್ ಮಾಡಿ. ಆಗ ಬರುವ ನೀಲಿ ಪರದೆಯಲ್ಲಿ ಒಪ್ಪಿಗೆ ಕೊಡಬೇಕು. ಎಷ್ಟೋ ಜನ ಅದನ್ನು ಓದದೆ ದಾಟಿಬಿಡುತ್ತಾರೆ.

ಎಲ್ಲ ಸರಿಯಿದ್ದೂ ವೈಫೈ ಹೆಸರುಗಳ ಪಟ್ಟಿ ಖಾಲಿ ಇದ್ದರೆ ಆರ್‌ಎಫ್‌ಕಿಲ್ ಕಮಾಂಡ್ ನೋಡಿ. ಲ್ಯಾಪ್‌ಟಾಪ್‌ನ ಪಕ್ಕದಲ್ಲಿರುವ ಪುಟ್ಟ ಸ್ವಿಚ್ ಆಫ್ ಆಗಿದ್ದರೆ ಅದು 'ಹಾರ್ಡ್ ಬ್ಲಾಕ್' ಎನ್ನುತ್ತದೆ. ಅದನ್ನು ಬೆರಳಿನಿಂದಲೇ ಆನ್ ಮಾಡಬೇಕು.

ನಮ್ಮ ಬಿಸಿಎಂ4312ಗೆ ಈಗ ಫರ್ಮ್‌ವೇರ್ ಫೈಲ್ ಬಂದಿದೆ. ರೀಬೂಟ್ ಕೂಡ ಬೇಡ. ಮಾಡ್‌ಪ್ರೋಬ್ ಕಮಾಂಡ್‌ನಿಂದ ಬಿ43 ಮಾಡ್ಯೂಲನ್ನು ಹೊರಗೆ ತೆಗೆದು ಮತ್ತೆ ಒಳಗೆ ಹಾಕಿ. ಇನ್ನೊಮ್ಮೆ ಡಿಮೆಸೇಜ್ ಓದಿ. ಮೈನಸ್ 2 ಇದ್ದ ಜಾಗದಲ್ಲಿ ಈಗ ಫರ್ಮ್‌ವೇರ್ ಲೋಡ್ ಆಗುತ್ತಿದೆ ಎಂಬ ಸಾಲು, ಅದರ ವರ್ಷನ್ ನಂಬರ್. ಕೆಲವೇ ಸೆಕೆಂಡು. ಖಾಲಿ ಇದ್ದ ಪಟ್ಟಿಯಲ್ಲಿ ಅಕ್ಕಪಕ್ಕದ ಮನೆಗಳ ವೈಫೈ ಹೆಸರುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.