ರಾಕೆಟ್ ವಾಪಸ್ ಇಳಿಸೋಕೂ ಇಂಧನ ಬೇಕಲ್ಲ, ಉಳಿತಾಯ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: "ಫಾಲ್ಕನ್ 9 ರಾಕೆಟ್ ಇಳಿಯುವಾಗ ಮತ್ತೆ ಎಂಜಿನ್ ಉರಿಸುತ್ತದೆ. ಹೋಗೋಕೂ ಇಂಧನ, ಬರೋಕೂ ಇಂಧನ. ಮತ್ತೆ ಇದು ಅಗ್ಗ ಹೇಗಾಗುತ್ತದೆ ಸಾರ್?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಸಾರಿಗೆ ಕಾಯುತ್ತಾ ಕೂತಾಗಲೂ ಕೊಟ್ಟಿದ್ದೇನೆ. ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ರಾಕೆಟ್ ಹಾರಿಸುವ ಖರ್ಚಿನಲ್ಲಿ ಇಂಧನದ ಪಾಲು ತೀರಾ ಚಿಕ್ಕದು. ಫಾಲ್ಕನ್ 9ರ ಬೆಲೆ ಸುಮಾರು 6 ಕೋಟಿ ಡಾಲರ್ ಇದ್ದ ಕಾಲದಲ್ಲಿ, ಒಂದು ಸಲಕ್ಕೆ ತುಂಬುವ ಇಂಧನಕ್ಕೆ ಸುಮಾರು 2 ಲಕ್ಷ ಡಾಲರ್ ಆಗುತ್ತದೆ ಎಂದು, ಅದನ್ನು ತಯಾರಿಸುವ ಸ್ಪೇಸ್‌ಎಕ್ಸ್ ಕಂಪನಿಯ ಇಲಾನ್ ಮಸ್ಕ್ ಹೇಳಿದ್ದರು. ನೂರು ರೂಪಾಯಿ ಖರ್ಚಿಗೆ ಐವತ್ತು ಪೈಸೆಯೂ ಆಗಲಿಲ್ಲ! ಇಷ್ಟು ಹೇಳಿದರೂ ಜನ ನಂಬುವುದಿಲ್ಲ. "ಅಷ್ಟು ದೊಡ್ಡ ಬೆಂಕಿ ಬರುತ್ತಲ್ಲ" ಅನ್ನುತ್ತಾರೆ. ಬೆಂಕಿ ದೊಡ್ಡದೇ. ಮೇಲೇಳುವಾಗ ಇಡೀ ರಾಕೆಟ್ ಸುಮಾರು 550 ಟನ್ ತೂಗುತ್ತದೆ, ಅದರಲ್ಲಿ ಹತ್ತಿರ ಹತ್ತಿರ 500 ಟನ್ ಒಳಗೆ ತುಂಬಿದ ದ್ರವವೇ. ಆದರೆ ಆ ದ್ರವ ಏನು? ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ದ್ರವ ಆಮ್ಲಜನಕ. ಕೋವಿಡ್ ಸಮಯದಲ್ಲಿ ಆಸ್ಪತ್ರೆಗಳಿಗೆ ಟ್ಯಾಂಕರ್‌ನಲ್ಲಿ ಬರುತ್ತಿತ್ತಲ್ಲ, ಅದೇ ಆಮ್ಲಜನಕ. ಗಾಳಿಯನ್ನು ತಣ್ಣಗೆ ಮಾಡಿ ಬೇರ್ಪಡಿಸುತ್ತಾರೆ. ಉಳಿದದ್ದು ಚೆನ್ನಾಗಿ ಶುದ್ಧ ಮಾಡಿದ ಸೀಮೆಎಣ್ಣೆ.

ನಮಗೆ ಇದು ನಂಬೋಕೆ ಯಾಕೆ ಕಷ್ಟ ಅಂದರೆ, ನಾವು ಬೈಕಿನ ಲೆಕ್ಕದಲ್ಲಿ ಯೋಚಿಸುತ್ತೇವೆ. ಬೈಕ್ ಒಂದೇ ಸಲ ಕೊಳ್ಳುತ್ತೇವೆ, ಪೆಟ್ರೋಲ್ ಮಾತ್ರ ವಾರವಾರ ಹಾಕಿಸಬೇಕು, ಹಾಗಾಗಿ ಜೇಬಿಗೆ ಚುಚ್ಚುವುದು ಪೆಟ್ರೋಲೇ. ಆದರೆ ಬೈಕ್ ಪ್ರತಿದಿನ ಸಂಜೆ ಮನೆಗೆ ವಾಪಸ್ ಬರುತ್ತದೆ ಅನ್ನುವ ಕಾರಣಕ್ಕೆ ತಾನೇ ಈ ಲೆಕ್ಕ ನಡೆಯೋದು? ಹೆಚ್ಚಿನ ಹಳೆಯ ರಾಕೆಟ್‌ಗಳು ವಾಪಸ್ ಬರುತ್ತಲೇ ಇರಲಿಲ್ಲ. ಫಾಲ್ಕನ್ 9ರ ಮೊದಲ ಹಂತದಲ್ಲಿ, ಅಂದರೆ ನೆಲದಿಂದ ಮೇಲೇಳಿಸಿ ಆಮೇಲೆ ಕಳಚಿಕೊಳ್ಳುವ ಕೆಳಗಿನ ಭಾಗದಲ್ಲಿ, ಒಂಬತ್ತು ಎಂಜಿನ್‌ಗಳಿವೆ. ಒಟ್ಟು ಖರ್ಚಿನ ಸುಮಾರು ಶೇ. 60ರಷ್ಟು ಈ ಹಂತದ್ದೇ ಎಂದು ಮಸ್ಕ್ ಹೇಳಿದ್ದಾರೆ. 2015ರ ಡಿಸೆಂಬರ್‌ನಲ್ಲಿ ಅದು ಮೊದಲ ಸಲ ಸರಿಯಾಗಿ ನೆಲಕ್ಕಿಳಿಯಿತು. 2017ರ ಮಾರ್ಚ್‌ನಲ್ಲಿ, ಒಮ್ಮೆ ಹಾರಿ ಬಂದಿದ್ದ ಹಂತವನ್ನೇ ಮತ್ತೆ ಹಾರಿಸಿದರು. ಈಗ 30ಕ್ಕಿಂತ ಜಾಸ್ತಿ ಸಲ ಹಾರಿದ ಹಂತವೂ ಇದೆ. ಎರಡನೇ ಹಂತ ಮಾತ್ರ ಇವತ್ತಿಗೂ ಪ್ರತಿ ಸಲ ಹೊಸದೇ ಬೇಕು.

ಹಾಗಂತ ಪ್ರಶ್ನೆ ಪೂರ್ತಿ ತಪ್ಪು ಅನ್ನೋಲ್ಲ. ಇಳಿಯೋಕೆ ಉಳಿಸಿಕೊಂಡ ಇಂಧನಕ್ಕೆ ಒಂದು ಬೆಲೆ ಇದೆ, ಅದನ್ನು ತೂಕದಲ್ಲಿ ಕೊಡಬೇಕು. ಸಂವಹನ ಉಪಗ್ರಹಗಳು ಹೋಗುವ ಎತ್ತರದ ಕಕ್ಷೆಯ ದಾರಿಗೆ ಇದೇ ರಾಕೆಟ್, ವಾಪಸ್ ಬರುವ ಹಂಗಿಲ್ಲದಿದ್ದರೆ ಸುಮಾರು 8.3 ಟನ್ ಒಯ್ಯಬಲ್ಲದು. ವಾಪಸ್ ಬರಬೇಕು ಅಂದರೆ ಸುಮಾರು 5.5 ಟನ್. ನಿಜವಾದ ನಷ್ಟ ಇಲ್ಲಿದೆ. ಆದರೆ ಒಂಬತ್ತು ಎಂಜಿನ್ ಉಳಿಯುತ್ತವಲ್ಲ, ಅದರ ಮುಂದೆ ಈ ನಷ್ಟವನ್ನು ಧಾರಾಳವಾಗಿ ತಡೆದುಕೊಳ್ಳಬಹುದು.

ಸುಮ್ನೆ ವಾಪಸ್ ಬಂದರೂ ಸಾಲದು, ಅದನ್ನೂ ಹೇಳಬೇಕು. ಅಮೆರಿಕದ ಸ್ಪೇಸ್ ಷಟಲ್ ಕೂಡ ವಾಪಸ್ ಬರುತ್ತಿತ್ತು. ಆದರೆ ಬಂದ ಮೇಲೆ ಶಾಖ ತಡೆಯುವ ಸುಮಾರು 24,000 ಬಿಲ್ಲೆಗಳನ್ನು ಪರೀಕ್ಷಿಸಬೇಕು, ಎಂಜಿನ್ ಬಿಚ್ಚಬೇಕು, ಉಪ್ಪುನೀರಿಗೆ ಬಿದ್ದ ಪಕ್ಕದ ಬೂಸ್ಟರ್ ರಾಕೆಟ್‌ಗಳನ್ನು ಸಮುದ್ರದಿಂದ ಎಳೆದು ತರಬೇಕು, ದೊಡ್ಡ ಟ್ಯಾಂಕನ್ನಂತೂ ಪ್ರತಿ ಸಲ ಹೊಸದಾಗಿ ಕಟ್ಟಬೇಕು. ವಾರಕ್ಕೊಂದು ಹಾರಾಟದ ಕನಸಿತ್ತು. ಅತಿ ಹೆಚ್ಚು ಹಾರಿದ 1985ರಲ್ಲೂ ಆಗಿದ್ದು 9. ಮೂವತ್ತು ವರ್ಷದಲ್ಲಿ ಒಟ್ಟು 135. ಫಾಲ್ಕನ್ ರಾಕೆಟ್‌ಗಳು 2024 ಒಂದೇ ವರ್ಷದಲ್ಲಿ 130ಕ್ಕಿಂತ ಜಾಸ್ತಿ ಸಲ ಹಾರಿದವು. ಎರಡು ಹಾರಾಟಗಳ ನಡುವೆ ಎಷ್ಟು ಕೆಲಸ ಬೀಳುತ್ತದೆ ಅನ್ನುವುದನ್ನೇ ನೋಡಿ, ಅಗ್ಗವೋ ದುಬಾರಿಯೋ ಅಲ್ಲೇ ಗೊತ್ತಾಗುತ್ತದೆ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಬೇಕು ಅನಿಸುತ್ತಿದೆ. ನಮ್ಮ ಇಸ್ರೋ ಪರೀಕ್ಷಿಸುತ್ತಿರುವ ಮರುಬಳಕೆಯ ನೌಕೆ ಪುಷ್ಪಕ್‌ಗೆ, ಇಳಿಯೋಕೆ ಫಾಲ್ಕನ್‌ಗೆ ಇರುವಂಥ ಕಾಲುಗಳ ಬದಲು ರೆಕ್ಕೆ, ಚಕ್ರ ಯಾಕೆ? ಫಾಲ್ಕನ್‌ನ ಮೊದಲ ಹಂತ ಕಕ್ಷೆಗೆ ಹೋಗುವುದೇ ಇಲ್ಲ, ಗಂಟೆಗೆ ಸುಮಾರು 8,000 ಕಿ.ಮೀ. ವೇಗದಿಂದ ತಿರುಗಿ ಬರುತ್ತದೆ. ಕಕ್ಷೆಯಿಂದ ಬರುವ ನೌಕೆಯ ವೇಗ 28,000 ಕಿ.ಮೀ. ಹತ್ತಿರ. ಅಷ್ಟು ವೇಗವನ್ನು ಗಾಳಿಗೆ ಉಜ್ಜಿಯೇ ಕಳೆಯಬೇಕು, ಆಮೇಲೆ ರೆಕ್ಕೆಯ ಮೇಲೆ ತೇಲುತ್ತಾ ಇಳಿಯಬಹುದು. ಇಳಿಯುವ ಹೊತ್ತಿಗೆ ಎಂಜಿನ್ ಉರಿಸುವ ಅಗತ್ಯವೇ ಇಲ್ಲ. ಆದರೆ ರೆಕ್ಕೆಯನ್ನೂ ಚಕ್ರವನ್ನೂ ಮೇಲಕ್ಕೆ ಹೊತ್ತೇ ಹೋಗಬೇಕು. ಇಲ್ಲೂ ತೂಕದಲ್ಲೇ ಬೆಲೆ, ನೋಡಿ.

ಪುಷ್ಪಕ್ ಇನ್ನೂ ಕಕ್ಷೆಗೆ ಹೋಗಿಲ್ಲ, ಇಳಿಯುವುದನ್ನು ಮಾತ್ರ ಕಲಿತಿದೆ. ಕಲಿತಿದ್ದು ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನಾಗಿಯೇ ರನ್‌ವೇ ಹುಡುಕಿಕೊಂಡು ಗಂಟೆಗೆ 320 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಬಂದು ಇಳಿಯಿತು. ಇದು ಮೂರನೇ ಸಲ, 2024ರ ಜೂನ್ 23ರಂದು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಸಂಗತಿ ಬೇರೆ: ಅವತ್ತು ಇಳಿದದ್ದು ಮಾರ್ಚ್ 22ರಂದು ಅಲ್ಲೇ ಇಳಿದಿದ್ದ ಅದೇ ನೌಕೆ. ಏನೂ ಬದಲಾಯಿಸದೆ ಹಾಗೇ ಮತ್ತೆ ಬಳಸಿದ್ದರು.